ಎಂಜಿನ್ನಿಗೆ ಶ್ರುತಿ ಕೂಡಿಸುವ ಊರು

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ವಾಯವ್ಯಕ್ಕೆ ಹೊರಟ ರೈಲು ಸುಮಾರು ಒಂದು ಗಂಟೆಯಲ್ಲಿ ನಾರ್ಥಾಂಪ್ಟನ್ ಪಟ್ಟಣವನ್ನು ತಲುಪುತ್ತದೆ. ನೆನ್ ನದಿಯ ದಡದ ಈ ಊರಿಗೆ ಹೆಸರು ಬಂದದ್ದು ಪಾದರಕ್ಷೆಗಳಿಂದ. ತಲೆಮಾರುಗಳ ಕಾಲ ಇಲ್ಲಿನ ಬೀದಿಗಳಲ್ಲಿ ತೊಗಲನ್ನು ಕತ್ತರಿಸಿ, ಹೊಲಿದು, ಅಟ್ಟೆ ಕಟ್ಟುವ ಕೆಲಸ ನಡೆಯಿತು. ಊರಿನ ಕಾಲ್ಚೆಂಡಿನ ತಂಡವನ್ನು ಜನ ಇಂದಿಗೂ ‘ಕಾಬ್ಲರ್ಸ್’, ಎಂದರೆ ಜೋಡು ಹೊಲಿಯುವವರು, ಎಂದೇ ಅಕ್ಕರೆಯಿಂದ ಕರೆಯುತ್ತಾರೆ. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಜೋಡು ಕಾಲನ್ನು ಕಚ್ಚುತ್ತದೆ ಎಂಬುದನ್ನು ಆ ಕುಶಲಕರ್ಮಿಗಳು ಬಲ್ಲರು. ಅದೇ ಕೂದಲೆಳೆಯ ಲೆಕ್ಕವನ್ನು ಪಂದ್ಯದ ಮೋಟಾರಿನ ಎಂಜಿನ್ನಿಗೆ ಅನ್ವಯಿಸುವ ಜನ 1964ರಲ್ಲಿ ಈ ಊರಿಗೆ ಬಂದು ನೆಲೆಸಿದರು.

ಎರಡು ಹೆಸರು, ಒಂದು ಕಾರ್ಖಾನೆ

ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ ಎಂಬ ಇಬ್ಬರು ಎಂಜಿನಿಯರುಗಳು 1958ರಲ್ಲಿ ತಮ್ಮ ಹೆಸರುಗಳ ತುಣುಕುಗಳನ್ನು ಜೋಡಿಸಿ ‘ಕಾಸ್ವರ್ತ್’ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸಾರಸ್ಥರು ಪೇಟೆಗೆ ಹೋಗಿಬರಲು ಬಳಸುತ್ತಿದ್ದ ಫೋರ್ಡ್ ಆಂಗ್ಲಿಯಾ ಗಾಡಿಯ ಎಂಜಿನ್ನೇ ಅವರ ಮೊದಲ ಪಾಠಶಾಲೆ. 39 ಅಶ್ವಶಕ್ತಿಯ ಆ ಪುಟ್ಟ ಯಂತ್ರ ಅವರ ಕೈಯಲ್ಲಿ ಇಮ್ಮಡಿ ಶಕ್ತಿಯನ್ನು ತೋರಿತು. ಇದರಲ್ಲಿ ಮಾಯೆಯೇನೂ ಇರಲಿಲ್ಲ. ಎಂಜಿನ್ನು ಉಸಿರಾಡುವುದು ಕವಾಟಗಳ ಮೂಲಕ. ಅವು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವುದು ಕ್ಯಾಮ್ ದಂಡದ ಉಬ್ಬುಗಳು. ಆ ಉಬ್ಬುಗಳ ಆಕಾರವನ್ನು ತಿದ್ದಿ, ಗಾಳಿಯ ದಾರಿಯನ್ನು ನುಣುಪಾಗಿಸಿ, ಬಲವಾದ ಪಿಸ್ಟನ್ನುಗಳನ್ನು ಕೂಡಿಸಿದರೆ ಯಂತ್ರದ ಉಸಿರು ದೀರ್ಘವಾಗುತ್ತದೆ.

1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಅವರು ತಾವೇ ರೂಪಿಸಿದ, ಎಂಟು ಸಿಲಿಂಡರುಗಳ, ಮೂರು ಲೀಟರಿನ ‘ಡಿ.ಎಫ್.ವಿ.’ ಎಂಜಿನ್ನು ಮೊದಲ ಬಾರಿಗೆ ಪಂದ್ಯಕ್ಕಿಳಿಯಿತು. ಎರಡು ಲೋಟಸ್ ಗಾಡಿಗಳಲ್ಲಿ ಅದನ್ನು ಅಳವಡಿಸಲಾಗಿತ್ತು. ಎಲ್ಲರಿಗಿಂತ ಮುಂದೆ ನಿಂತು ಹೊರಟ ಗ್ರಹಾಂ ಹಿಲ್ ಅವರ ಗಾಡಿ ಹಲ್ಲುಚಕ್ರವೊಂದು ಮುರಿದು ನಡುವೆಯೇ ನಿಂತಿತು. ಜಿಮ್ ಕ್ಲಾರ್ಕ್ ಅವರ ಗಾಡಿ ಗೆದ್ದಿತು. ಒಂದೇ ಕಾರ್ಖಾನೆ, ಒಂದೇ ನಕಾಶೆ, ಒಂದೇ ದಿನ. ಆದರೂ ಸೋಲು ಗೆಲುವುಗಳ ನಡುವೆ ಇದ್ದದ್ದು ಉಕ್ಕಿನ ಕೆಲವು ಹಲ್ಲುಗಳು ಮಾತ್ರ! 1983ರವರೆಗೆ ಈ ಎಂಜಿನ್ನಿನ ವಂಶ 155 ಗ್ರ್ಯಾನ್ ಪ್ರೀ ಪಂದ್ಯಗಳನ್ನು ಜಯಿಸಿತು.

ಅಂಕಿಗಳ ಕೋಷ್ಟಕ

ನಾರ್ಥಾಂಪ್ಟನ್ನಿನಿಂದ ನೈಋತ್ಯಕ್ಕೆ ಅರ್ಧ ಗಂಟೆಯ ಹಾದಿ ಕ್ರಮಿಸಿದರೆ ಸಿಲ್ವರ್‌ಸ್ಟೋನ್ ಎಂಬ ಹಳ್ಳಿ. ಯುದ್ಧಕಾಲದಲ್ಲಿ, 1943ರಲ್ಲಿ, ಇಲ್ಲಿನ ಹೊಲಗಳ ನಡುವೆ ಬಾಂಬರು ವಿಮಾನಗಳಿಗಾಗಿ ನಿಲ್ದಾಣ ನಿರ್ಮಾಣವಾಯಿತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಹುಲ್ಲಿನ ಹೊರೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಅಡ್ಡವಿಟ್ಟು ಅದೇ ನೆಲದ ಮೇಲೆ ಮೋಟಾರು ಪಂದ್ಯ ನಡೆಸಿದರು. 1950ರ ಮೇ 13ರಂದು ಆರನೆಯ ಜಾರ್ಜ್ ದೊರೆಯ ಸಮ್ಮುಖದಲ್ಲಿ ಚಾಲಕರ ವಿಶ್ವ ಚಾಂಪಿಯನ್‌ಷಿಪ್ಪಿನ ಮೊತ್ತಮೊದಲ ಪಂದ್ಯ ನಡೆದದ್ದೂ ಇಲ್ಲಿಯೇ. ವಿಮಾನಗಳ ಕೊಟ್ಟಿಗೆಯ ನೆನಪು ‘ಹ್ಯಾಂಗರ್ ಸ್ಟ್ರೇಟ್’ ಎಂಬ ನೇರ ಹಾದಿಯಲ್ಲಿಯೂ, ಹಳೆಯ ಪ್ರಾರ್ಥನಾಮಂದಿರದ ನೆನಪು ‘ಚಾಪೆಲ್’, ‘ಬೆಕೆಟ್ಸ್’ ಎಂಬ ತಿರುವುಗಳಲ್ಲಿಯೂ ಉಳಿದಿದೆ.

ಈ ಹಾದಿಯ ಮಗ್ಗುಲಲ್ಲೇ ತಾಂತ್ರಿಕ ಉದ್ಯಮಗಳ ಬಡಾವಣೆಯೊಂದು ಬೆಳೆದಿದೆ. ಸುತ್ತಲಿನ ಬ್ರ್ಯಾಕ್ಲಿ, ಬ್ರಿಕ್ಸ್‌ವರ್ತ್ ಮುಂತಾದ ಸಣ್ಣ ಊರುಗಳಲ್ಲಿಯೂ ಇದೇ ಕಸುಬು. ಆದರೆ ಕಸುಬಿನ ರೀತಿ ಬದಲಾಗಿದೆ. ಡಿ.ಎಫ್.ವಿ. ಕಾಲದಲ್ಲಿ ಇಂಧನದ ಪ್ರಮಾಣವನ್ನು ತಿದ್ದಬೇಕಾದರೆ ಲೋಹದ ತುಂಡೊಂದನ್ನು ಬಿಚ್ಚಿ ಮತ್ತೊಂದನ್ನು ಕೂಡಿಸಬೇಕಿತ್ತು. ಈಗ ಆ ಕೆಲಸ ಅಂಗೈಯಗಲದ ವಿದ್ಯುನ್ಮಾನ ಪೆಟ್ಟಿಗೆಯದು. ಎಂಜಿನ್ ನಿಯಂತ್ರಣ ಘಟಕವೆಂದು ಅದರ ಹೆಸರು.

ತಂಬೂರಿಯ ಬಿರಡೆ ತಿರುಗಿಸಿ ಕಿವಿಗೊಡುವ ವಿದ್ವಾಂಸರಂತೆಯೇ ಇಲ್ಲಿನ ಶ್ರುತಿಗಾರರೂ. ಎಂಜಿನ್ನನ್ನು ಗಟ್ಟಿ ಪೀಠಕ್ಕೆ ಬಿಗಿದು, ಅದರ ಓಟಕ್ಕೆ ತಡೆಯೊಡ್ಡಿ ಬಲವನ್ನಳೆಯುತ್ತಾರೆ. ಪೆಟ್ಟಿಗೆಯೊಳಗೆ ಗುಣಾಕಾರದ ಮಗ್ಗಿಯಂತೆ ಅಂಕಿಗಳ ಕೋಷ್ಟಕವಿರುತ್ತದೆ. ಅಡ್ಡಸಾಲಿನಲ್ಲಿ ವೇಗ, ಉದ್ದಸಾಲಿನಲ್ಲಿ ಹೊರೆ; ಒಂದೊಂದು ಮನೆಯಲ್ಲಿಯೂ ಇಷ್ಟು ಇಂಧನ, ಕಿಡಿ ಇಷ್ಟು ಮುಂಚೆ ಎಂಬ ಆಜ್ಞೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ. ಅಷ್ಟರೊಳಗೆ ಎಲ್ಲವೂ ತೀರ್ಮಾನವಾಗಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೂರ್ಣಶಕ್ತಿ ಬೇಕೆಂದರೆ ಗಾಳಿಯನ್ನು 13 ಕಿಲೋಗ್ರಾಮಿನ ಆಸುಪಾಸಿಗಿಳಿಸಿ ಮಿಶ್ರಣವನ್ನು ಗಾಢಗೊಳಿಸುತ್ತಾರೆ. ಕಿಡಿ ತಡವಾದರೆ ಬಲ ಸೋರಿಹೋಗುತ್ತದೆ. ತೀರ ಮುಂಚೆಯಾದರೆ ಸಿಲಿಂಡರಿನೊಳಗೆ ಸುತ್ತಿಗೆಯ ಪೆಟ್ಟಿನಂತಹ ಸದ್ದೆದ್ದು ಪಿಸ್ಟನ್ನು ಹಾಳಾಗುತ್ತದೆ. ಗರಿಷ್ಠ ಶಕ್ತಿಯೂ ಸರ್ವನಾಶವೂ ನೆರೆಮನೆಯಲ್ಲೇ ವಾಸಿಸುತ್ತವೆ.

ಗಾಡಿ ಓಡಿಸುವವರು ಯಾರು?

ಪೆಟ್ಟಿಗೆ ಬಹಳ ಜಾಣನಾದಾಗ ಹೊಸದೊಂದು ಸಮಸ್ಯೆ ಹುಟ್ಟಿತು. ತಿರುವಿನಿಂದ ಹೊರಬರುವಾಗ ಚಾಲಕನು ಅತಿಯಾಗಿ ಶಕ್ತಿಯೂಡಿದರೆ ಹಿಂದಿನ ಚಕ್ರಗಳು ನೆಲದ ಹಿಡಿತ ತಪ್ಪಿ ಜಾರುತ್ತವೆ. ಆ ಜಾರುವಿಕೆಯನ್ನು ಗುರುತಿಸಿ, ಚಾಲಕನ ಅಪ್ಪಣೆಗೂ ಕಾಯದೆ ಪೆಟ್ಟಿಗೆಯೇ ಎಂಜಿನ್ನಿನ ಬಲವನ್ನು ತಗ್ಗಿಸತೊಡಗಿತು. ಪಾದದ ಸೂಕ್ಷ್ಮಜ್ಞಾನವೇ ಚಾಲಕನ ವಿದ್ಯೆ. ಆ ವಿದ್ಯೆ ಪೆಟ್ಟಿಗೆಯ ಪಾಲಾದರೆ ಗೆಲುವಿನ ಹಾರ ಯಾರ ಕೊರಳಿಗೆ? ನಿಷೇಧ ವಿಧಿಸಿದರೂ ಗುಟ್ಟಾಗಿ ಬರೆದ ಆಜ್ಞೆಗಳನ್ನು ಪತ್ತೆ ಹಚ್ಚುವುದು ಕಷ್ಟವಾಗಿತ್ತು. ಕೊನೆಗೆ 2008ರಲ್ಲಿ ಫಾರ್ಮುಲಾ ಒನ್ ಪಂದ್ಯಗಳ ಎಲ್ಲ ತಂಡಗಳಿಗೂ ಒಂದೇ ಬಗೆಯ ನಿಯಂತ್ರಣ ಘಟಕವನ್ನು ಕಡ್ಡಾಯಗೊಳಿಸಿ, ಆ ನೆರವನ್ನು ತೆಗೆದುಹಾಕಿದರು. ಪೆಟ್ಟಿಗೆ ಎಲ್ಲರಿಗೂ ಒಂದೇ ಆಯಿತು. ಅದಕ್ಕೆ ಶ್ರುತಿ ಕೂಡಿಸುವ ಕೌಶಲ ಆಯಾ ತಂಡದ ಸ್ವತ್ತಾಗಿ ಉಳಿಯಿತು.

ಪಂದ್ಯದ ದಿನ ಬೆಕೆಟ್ಸ್ ತಿರುವಿನ ಬಳಿ ನಿಂತ ಪ್ರೇಕ್ಷಕರಿಗೆ ಆ ಕೋಷ್ಟಕವಾಗಲಿ, ರಾತ್ರಿಯಿಡೀ ಅಂಕಿ ತಿದ್ದಿದ ಬೆರಳುಗಳಾಗಲಿ ಕಾಣಿಸುವುದಿಲ್ಲ. ಜೋಡು ಹೊಲಿದವರನ್ನು ದಾರಿಹೋಕರು ನೆನೆಯುವುದುಂಟೇ? ಆದರೆ ಚಾಲಕನ ಪಾದಕ್ಕೆ ಮಾತ್ರ ಎಲ್ಲವೂ ತಿಳಿಯುತ್ತದೆ. ತಾನೊತ್ತಿದಷ್ಟೇ, ತಾನೊತ್ತಿದ ಕ್ಷಣದಲ್ಲೇ ಯಂತ್ರ ಓಗೊಟ್ಟರೆ, ಶ್ರುತಿ ಕೂಡಿತೆಂದು ಅರ್ಥ.