ಹಸಿದ ಕಣಿವೆ ಮತ್ತು ಇದ್ದಿಲಿನ ಡಬ್ಬಿ

ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಹೊರಟ 5ನೇ ಹೆದ್ದಾರಿ ನಗರದ ಗದ್ದಲ ಮುಗಿಯುತ್ತಿದ್ದಂತೆ ಬೆಟ್ಟ ಏರತೊಡಗುತ್ತದೆ. ಬೋಳು ಗುಡ್ಡಗಳನ್ನು ಬಳಸುತ್ತ ಸುಮಾರು ನೂರು ಕಿಲೋಮೀಟರ್ ಸಾಗಿದರೆ ತೆಹೋನ್ ಕಣಿವೆದಾರಿಯ ನೆತ್ತಿ ಸಿಗುತ್ತದೆ. ಸಮುದ್ರ ಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಮಿಕ್ಕಿದ ಎತ್ತರವಿದು. ಅಲ್ಲಿ ಗೋರ್ಮನ್ ಎಂಬ ಪುಟ್ಟ ಊರು. ಒಳ್ಳೆಯ ಮಳೆಯಾದ ವರ್ಷ ವಸಂತದಲ್ಲಿ ಇಲ್ಲಿನ ಗುಡ್ಡಗಳ ಮೈತುಂಬ ಕಿತ್ತಳೆ, ನೇರಳೆ ಬಣ್ಣದ ಕಾಡುಹೂಗಳು ಅರಳುತ್ತವೆ. ಚಳಿಗಾಲದಲ್ಲಿ ಹಿಮ ಬೀಳುವುದೂ ಉಂಟು. ಭೂಕಂಪಗಳಿಗೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಈ ಊರಿನ ಬಳಿಯೇ ಹಾದುಹೋಗಿದೆ.

ಹೆದ್ದಾರಿ ಬಿಟ್ಟು ಪಕ್ಕಕ್ಕೆ ಹೊರಳಿದರೆ ಹಂಗ್ರಿ ವ್ಯಾಲಿ, ಎಂದರೆ ಹಸಿದ ಕಣಿವೆ. ಕ್ಯಾಲಿಫೋರ್ನಿಯಾ ಸರ್ಕಾರ ರಸ್ತೆಯಾಚೆಯ ವಾಹನ ವಿಹಾರಕ್ಕೆಂದೇ ಬಿಟ್ಟುಕೊಟ್ಟಿರುವ ಉದ್ಯಾನವಿದು. ವಿಸ್ತೀರ್ಣ ಸುಮಾರು 19,000 ಎಕರೆ. ಜಾಡುಗಳ ಒಟ್ಟು ಉದ್ದ 200 ಕಿಲೋಮೀಟರಿಗೂ ಹೆಚ್ಚು. ಹುಲ್ಲುಗಾವಲು, ಓಕ್ ಮರಗಳ ತೋಪು, ಜೂನಿಪರ್ ಪೊದೆಗಳ ಇಳಿಜಾರು, ಮರಳಿನ ಹಳ್ಳ ಎಲ್ಲವೂ ಇಲ್ಲಿವೆ. ರಜೆಯ ದಿನ ಬೆಳಗಾದರೆ ಸಾಕು, ಹಿಂಬದಿಯಲ್ಲಿ ಮೋಟಾರ್ ಸೈಕಲ್ ಬಿಗಿದುಕೊಂಡ ವ್ಯಾನುಗಳ ಸಾಲು. ಬರುವವರಲ್ಲಿ ಪುಂಡ ಹುಡುಗರಿಗಿಂತ ಸಂಸಾರಸ್ಥರೇ ಹೆಚ್ಚು! ಅಪ್ಪ ಮಗನ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾನೆ, ಅಮ್ಮ ಬುತ್ತಿ ಬಿಚ್ಚುತ್ತಾಳೆ. ಮಕ್ಕಳಿಗೆಂದೇ ಚಿಕ್ಕ ಅಭ್ಯಾಸದ ಜಾಡುಗಳಿವೆ. ಹದಿನಾಲ್ಕು ತುಂಬದ ಮಗುವಿನ ಕೈಕಾಲು ಬ್ರೇಕು, ಕ್ಲಚ್ಚುಗಳಿಗೆ ಎಟುಕದಿದ್ದರೂ ಬಂಡಿ ಕೊಟ್ಟರೆ ಕಾನೂನಿನ ಕಣ್ಣಿಗೆ ತಂದೆತಾಯಿಯೂ ತಪ್ಪಿತಸ್ಥರೇ.

ಇಲ್ಲಿ ಓಡುವ ಬಂಡಿಗೆ ಎರಡು ಕಟ್ಟಳೆ ತಪ್ಪದು. 1986ರಿಂದೀಚೆಗೆ ತಯಾರಾದ ಬಂಡಿಯ ಸದ್ದು 96 ಡೆಸಿಬಲ್ ಮೀರಬಾರದು. ಸೈಲೆನ್ಸರಿನೊಳಗೆ ಕಿಡಿ ತಡೆಯುವ ಜಾಲರಿ ಇರಲೇಬೇಕು. ಬೇಸಿಗೆಯಲ್ಲಿ ಇಲ್ಲಿನ ಹುಲ್ಲು ಒಣಗಿ ತರಗಾಗಿರುತ್ತದೆ. ಒಂದು ಕಿಡಿ ಬಿದ್ದರೆ ಗುಡ್ಡವೇ ಹೊತ್ತಿಕೊಳ್ಳಬಹುದು.

ಬಿಚ್ಚುವ ಚಟ

ಮೋಟಾರ್ ಸೈಕಲ್ಲಿನ ಮೋಹಕ್ಕೆ ಬಿದ್ದವರಿಗೆ ಸ್ಪ್ಯಾನರ್ ಕೈಗೆ ಬಂದೊಡನೆ ಏನನ್ನಾದರೂ ಬಿಚ್ಚುವ ಆಸೆ. ರಸ್ತೆಗೂ ಕಾಡಿಗೂ ಸಲ್ಲುವ ಬಂಡಿ ಕೊಂಡವರು ಮೊದಲು ಕೈ ಹಾಕುವುದು ಹೊಗೆ ತಡೆಯುವ ಸಲಕರಣೆಗಳಿಗೆ. ಅವು ಮುಖ್ಯವಾಗಿ ಮೂರು.

ಮೊದಲನೆಯದು ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಹುಟ್ಟಿನಂಥ ಸಣ್ಣ ಸಣ್ಣ ಕಿಂಡಿಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಲೇಪ. ವಿಷದ ಅನಿಲಗಳು ಇದರ ಮೂಲಕ ಹಾಯುವಾಗ ಹಾನಿ ಕಡಿಮೆಯಾದ ಅನಿಲಗಳಾಗಿ ಮಾರ್ಪಡುತ್ತವೆ. ಹೊಗೆಯ ಓಟಕ್ಕೆ ಇದು ಸ್ವಲ್ಪ ಅಡ್ಡಿ ಎಂಬುದು ನಿಜ. ಎರಡನೆಯದು, ಎಂಜಿನ್ನಿನಿಂದ ಹೊಗೆ ಹೊರಡುವ ಬಾಯಿಗೇ ಹೊಸ ಗಾಳಿ ಬಿಡುವ ಕವಾಟ. ಸುಡದೆ ಉಳಿದ ಪೆಟ್ರೋಲ್ ಅಲ್ಲಿಯೇ ಸುಟ್ಟುಹೋಗಲಿ ಎಂಬುದು ಉದ್ದೇಶ. ಇದನ್ನು ತೆಗೆದರೆ ವೇಗ ಇಳಿಸುವಾಗಿನ ‘ಪಟಪಟ’ ಸದ್ದು ಕಡಿಮೆಯಾಗುತ್ತದೆ; ಶಕ್ತಿ ಏನೂ ಹೆಚ್ಚುವುದಿಲ್ಲ.

ಮೂರನೆಯದೇ ಇದ್ದಿಲಿನ ಡಬ್ಬಿ. ಕ್ಯಾಲಿಫೋರ್ನಿಯಾದಲ್ಲಿ ಮಾರುವ ರಸ್ತೆ ಬೈಕುಗಳಿಗೆ 1980ರ ದಶಕದಿಂದಲೇ ಇದು ಬಂದಿದೆ. ಬಿಸಿಲಿಗೆ ಟ್ಯಾಂಕಿನ ಪೆಟ್ರೋಲ್ ಆವಿಯಾಗುತ್ತದಲ್ಲ, ಆ ಆವಿ ಕೊಳವೆಯ ಮೂಲಕ ಡಬ್ಬಿಗೆ ಬಂದು ಇದ್ದಿಲಿಗೆ ಅಂಟಿ ಕೂರುತ್ತದೆ. ಎಂಜಿನ್ ಓಡಿದಾಗ ಅದೇ ಆವಿಯನ್ನು ಒಳಗೆ ಎಳೆದು ಸುಡುತ್ತದೆ. ಕಾಡುದಾರಿಯಲ್ಲಿ ಬಂಡಿ ಮಗುಚಿದರೆ ದ್ರವ ಪೆಟ್ರೋಲೇ ಡಬ್ಬಿಗೆ ನುಗ್ಗಿ ಇದ್ದಿಲು ತೊಯ್ದುಹೋಗಬಹುದು. ಆಮೇಲೆ ಎಂಜಿನ್ ಮುಗ್ಗರಿಸುತ್ತದೆ. ‘ಇದೊಂದು ಹೊರೆ’ ಎಂದು ಸವಾರರು ಕಿತ್ತೆಸೆಯುವುದು ಇದಕ್ಕಾಗಿಯೇ.

ಹೀಗೆ ಬಿಚ್ಚಿದವರಲ್ಲಿ ಹಲವರು ಒಂದು ಮಾತು ಮರೆಯುತ್ತಾರೆ. ಹೊಗೆಯ ದಾರಿ ಸಲೀಸಾದರೆ ಎಂಜಿನ್ನಿಗೆ ಪೆಟ್ರೋಲಿನ ಪಾಲೂ ಹೆಚ್ಚಬೇಕು. ಕಾರ್ಬುರೇಟರಿನ ಜೆಟ್ ಬದಲಿಸದೆ ಸೈಲೆನ್ಸರ್ ಮಾತ್ರ ಬದಲಿಸಿದರೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಗೆಲ್ಲಲೆಂದು ಮಾಡಿದ ಕೆಲಸ ಬಂಡಿಗೇ ಮುಳುವಾಗುತ್ತದೆ.

ಅನಾನಸ್ ಬಿಟ್ಟು ಹೊಗೆಯ ಬೆನ್ನು ಹತ್ತಿದವರು

ಈ ಡಬ್ಬಿ ಏಕೆ ಬಂತು ಎಂದು ತಿಳಿಯಲು ಬೆಟ್ಟ ಇಳಿದು ನಗರಕ್ಕೆ ಮರಳಬೇಕು. 1943ರ ಜುಲೈ ತಿಂಗಳ ಒಂದು ದಿನ ಲಾಸ್ ಏಂಜಲೀಸ್ ಕಣ್ಣುರಿಸುವ ಮಬ್ಬಿನಲ್ಲಿ ಮುಳುಗಿತು. ಮಹಾಯುದ್ಧದ ಕಾಲ, ಜಪಾನೀಯರು ವಿಷಾನಿಲ ಬಿಟ್ಟರೆಂದು ಜನ ಗಾಬರಿಯಾದರು. ನಿಜ ಗೊತ್ತಾಗಲು ವರ್ಷಗಳೇ ಬೇಕಾದವು. ಪಸಡೀನಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸ್ ಹಣ್ಣಿನ ಪರಿಮಳದ ಬಗ್ಗೆ ಸಂಶೋಧಿಸುತ್ತಿದ್ದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ಆ ಮಬ್ಬಿನ ಬೆನ್ನು ಹತ್ತಿದರು. 1950ರ ದಶಕದ ಆರಂಭದಲ್ಲಿ ಅವರು ಕಂಡುಕೊಂಡದ್ದಿಷ್ಟು: ಸುಡದ ಪೆಟ್ರೋಲಿನ ಆವಿಯೂ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಜೋನ್ ಹುಟ್ಟಿಸುತ್ತವೆ. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಓಜೋನ್ ನೆಲದ ಮಟ್ಟದಲ್ಲಿ ಶ್ವಾಸಕೋಶದ ಶತ್ರು. ರಬ್ಬರನ್ನೂ ಬಿರಿಯುವಂತೆ ಮಾಡುವ ಅನಿಲವಿದು! 1967ರಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ ರಚಿಸಿದಾಗ ಅದರ ಮೊದಲ ಅಧ್ಯಕ್ಷರಾದವರು ಇವರೇ. ಮುಂದೆ 1970ರ ಶುದ್ಧ ಗಾಳಿ ಕಾಯ್ದೆ ಇಡೀ ಅಮೆರಿಕಕ್ಕೆ ಅನ್ವಯಿಸಿತು. ರಸ್ತೆಗೆ ಒಪ್ಪಿಗೆ ಪಡೆದ ವಾಹನದಿಂದ ಇಂಥ ಸಲಕರಣೆ ಕಿತ್ತುಹಾಕುವುದು ಅಪರಾಧ; ಸ್ಪರ್ಧೆಗೆಂದೇ ತಯಾರಾದ ಬಂಡಿಗಳ ಲೆಕ್ಕ ಬೇರೆ.

ಈಗ ಮತ್ತೆ ತೆಹೋನ್ ನೆತ್ತಿಗೆ ಬಂದರೆ ಈ ಕಣಿವೆಯ ಇಕ್ಕಟ್ಟು ಅರ್ಥವಾಗುತ್ತದೆ. ದಕ್ಷಿಣಕ್ಕೆ ಲಾಸ್ ಏಂಜಲೀಸಿನ ತಗ್ಗು, ಉತ್ತರಕ್ಕೆ ಸ್ಯಾನ್ ವಾಕೀನ್ ಕಣಿವೆ. ಅಮೆರಿಕದಲ್ಲೇ ಓಜೋನ್ ಕಾಟ ಅತಿ ಹೆಚ್ಚಿರುವ ಪ್ರದೇಶಗಳಲ್ಲಿ ಇವೆರಡೂ ಸೇರಿವೆ. ಅವುಗಳ ನಡುವಿನ ದಿಬ್ಬದ ಮೇಲೆ ನಿಂತಿದೆ ಹಂಗ್ರಿ ವ್ಯಾಲಿ.

ಕೆಂಪು ಚೀಟಿಯ ಪಾಠ

1990ರ ದಶಕದ ಕೊನೆಗೆ ಮಂಡಳಿ ಒಂದು ಉಪಾಯ ಹೂಡಿತು. ಹೊಗೆಯ ಮಿತಿಯೊಳಗಿರುವ ಬಂಡಿಗೆ ಹಸಿರು ಚೀಟಿ, ವರ್ಷವಿಡೀ ಸವಾರಿ. ಮಿತಿ ಮೀರುವ ಸ್ಪರ್ಧಾ ಬಂಡಿಗೆ ಕೆಂಪು ಚೀಟಿ. ಗಾಳಿ ಕೆಟ್ಟ ಪ್ರದೇಶಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಅದನ್ನು ಓಡಿಸುವಂತಿರಲಿಲ್ಲ. ಬಿಸಿಲಿನಲ್ಲಿಯೇ ಅಲ್ಲವೇ ಓಜೋನ್ ಹುಟ್ಟುವುದು? ಓಟ ನಿಂತರೆ ಹೊಗೆ ನಿಂತೀತು ಎಂಬ ಲೆಕ್ಕಾಚಾರ.

ಆದರೆ ಮುಂದೆ ಮಂಡಳಿಯವರೇ ಅಳತೆ ಮಾಡಿ ನೋಡಿದಾಗ ಬೇರೊಂದು ಸತ್ಯ ಹೊರಬಿತ್ತು. ಈ ಬಂಡಿಗಳಿಂದ ಗಾಳಿಗೆ ಸೇರುವ ಪೆಟ್ರೋಲ್ ಆವಿಯಲ್ಲಿ ಹೆಚ್ಚಿನ ಪಾಲು ಅವು ಓಡುವಾಗಿನದಲ್ಲ, ಮನೆಯಲ್ಲಿ ಸುಮ್ಮನೆ ನಿಂತಿರುವಾಗಿನದು! ಹವ್ಯಾಸದ ಬಂಡಿ ವರ್ಷದಲ್ಲಿ ಓಡುವುದು ಕೆಲವೇ ದಿನ. ಉಳಿದ ದಿನಗಳೆಲ್ಲ ಗ್ಯಾರೇಜಿನಲ್ಲಿ ನಿಂತು ಟ್ಯಾಂಕಿನಿಂದ, ಕೊಳವೆಗಳಿಂದ ಆವಿ ಬಿಡುತ್ತಲೇ ಇರುತ್ತದೆ. ಹೀಗಾಗಿ 2018ರ ಮಾದರಿಯಿಂದ ರಸ್ತೆಯಾಚೆಯ ಬಂಡಿಗಳಿಗೂ ಆವಿ ತಡೆಯುವ ಬಿಗಿ ನಿಯಮ ಬಂತು. ಕೆಂಪು ಚೀಟಿಯ ಪದ್ಧತಿಗೆ ಮಂಗಳ ಹಾಡಲು 2019ರಲ್ಲಿ ನಿರ್ಧಾರವಾಯಿತು. 2022ರ ಮಾದರಿಯಿಂದ ಹೊಸ ಬಂಡಿಗೆ ಆ ಚೀಟಿ ಇಲ್ಲ. ನಿಯಮಕ್ಕೆ ಒಗ್ಗದ ಹೊಸ ಸ್ಪರ್ಧಾ ಬಂಡಿ ಸ್ಪರ್ಧೆಯ ಅಂಗಳದಲ್ಲಷ್ಟೇ ಓಡಬೇಕು.

ವೇಗ ಬೇಕೆಂದು ಸವಾರ ಕಿತ್ತೆಸೆಯುವ ಮೂರರಲ್ಲಿ ಇದ್ದಿಲಿನ ಡಬ್ಬಿಯಿಂದ ವೇಗಕ್ಕೆ ಏನೇನೂ ಅಡ್ಡಿಯಿಲ್ಲ. ಅದು ದುಡಿಯುವುದು ಬಂಡಿ ನಿಂತ ಮೇಲೆ. ಅದು ಇಲ್ಲವಾದರೆ ಆ ಆವಿ ಸೇರುವುದು ಓಟದ ಜಾಡಿಗಲ್ಲ, ಮಕ್ಕಳು ಮಲಗುವ ಕೋಣೆಗೆ ತಾಗಿದ ಗ್ಯಾರೇಜಿಗೆ.

ಈ ಪಾಠ ಅಷ್ಟು ದೂರದ್ದೇನೂ ಅಲ್ಲ. ಭಾರತದಲ್ಲಿ 2017ರ ಏಪ್ರಿಲ್‌ನಲ್ಲಿ ಬಿಎಸ್-4 ನಿಯಮ ಬಂದ ಮೇಲೆ ನಮ್ಮ ಪೆಟ್ರೋಲ್ ಬೈಕುಗಳಲ್ಲೂ ಇಂಥದೇ ಡಬ್ಬಿ ಬಂದಿದೆ. ಕಾಲೇಜು ಹುಡುಗರ ಬೈಕುಗಳಿಂದ ಕಿತ್ತ ಸೈಲೆನ್ಸರುಗಳನ್ನು ಪೊಲೀಸರು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದಾರೆ. ಸದ್ದು ಮಾಡುವ ಸೈಲೆನ್ಸರ್ ಪೊಲೀಸರ ಕಿವಿಗೆ ಬೀಳುತ್ತದೆ. ಸದ್ದಿಲ್ಲದೆ ಕಿತ್ತುಹಾಕಿದ ಡಬ್ಬಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಕೇಳಬೇಕಾದವರು ಮನೆಯವರೇ.

ಸಂಜೆಯಾಗುತ್ತಲೇ ಹಸಿದ ಕಣಿವೆ ಮೌನವಾಗುತ್ತದೆ. ಧೂಳು ಮೆತ್ತಿದ ಬಂಡಿಗಳನ್ನು ವ್ಯಾನಿಗೆ ಏರಿಸಿ, ನಿದ್ದೆಗಣ್ಣಿನ ಮಕ್ಕಳನ್ನು ಕೂರಿಸಿಕೊಂಡು ಸಂಸಾರಗಳು ಬೆಟ್ಟ ಇಳಿಯುತ್ತವೆ. ಕೆಳಗೆ ನಗರದ ದೀಪಗಳು ಕಾಣತೊಡಗುತ್ತವೆ. ಬಂಡಿ ಮನೆ ಸೇರಿ, ಗ್ಯಾರೇಜಿನ ಬಾಗಿಲು ಮುಚ್ಚಿದ ಮೇಲೆ ಇದ್ದಿಲಿನ ಡಬ್ಬಿಯ ಕೆಲಸ ಶುರು.