ನಮ್ಮ ಮನಿ ಕಾಸವ್ವ



ಮೊನ್ನೆ ರಾಯಬಾಗಕ್ಕ ಮದವಿಗೆ ಹೋದಾಗ ಅಥಣಿ ಚಿಗವ್ವ, ಕಾಗವಾಡದ ಬೀಗರು, ನಿಪ್ಪಾಣಿ ವೈನಿ, ಎಲ್ಲಾರೂ ನನಗ ಕೇಳಿದ್ದು ಒಂದ ಮಾತು: "ನಿಮ್ಮ ಆಮಿ ಇನ್ನೂ ಐತೇನ? ಆರಾಮ ಆತಿಲ್ಲೋ?" ಊಟದ ಪಂಕ್ತ್ಯಾಗ ಕುಂತು ಎಷ್ಟಂತ ಹೇಳೂದು? ಅದಕ್ಕ ಇಲ್ಲಿ ಬರೀತೇನಿ. ಐತಿ. ಪೂರಾ ಆರಾಮ ಆಗಿಲ್ಲ, ಆಗೂದೂ ಇಲ್ಲ ಅಂತ ಡಾಕ್ಟರು ಹೇಳ್ಯಾರ. ಆದ್ರೂ ಛಲೋ ಐತಿ. ಈ ಮಾತೆಲ್ಲಾ ಒಮ್ಮೆಲೆ ಖರೆ ಹ್ಯಾಂಗ ಆಗ್ತಾವ ಅಂತ ಹೇಳಾಕ ಒಂದೀಟು ಜಾಗಾ ಬೇಕು.

ನಮ್ಮ ನೆಗೆಣ್ಣಿ ಮಗ ಕೊಲ್ಲಾಪುರದಾಗ ಕಲಿಯೂ ಮುಂದ ಒಂದು ಅಂಗಡ್ಯಾಗ ಇದನ್ನ ತಗೊಂಡಿದ್ದ. ಆವಾಗ ಬಿಸ್ಕೀಟಿನಷ್ಟ ಇತ್ತಂತ. 2019ರ ಆಗಸ್ಟದಾಗ ಕೃಷ್ಣಾ ಹೊಳಿಗೆ ಮಹಾಪೂರ ಬಂದಿತ್ತಲ್ಲ, ಅದು ಇಳದು ರಸ್ತೆ ಬಿಟ್ಟ ಮ್ಯಾಲೆ ಅವಂಗ ಪುಣೆದಾಗ ನೌಕರಿ ಆತು. ಹೋಗೂ ಮುಂದ ಚಿಕ್ಕೋಡಿಗೆ ತಂದು, ನನ್ನ ಮುಂದ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು, "ದೊಡ್ಡವ್ವ, ಇದು ನಿನ್ನ ಕಡೆ ಇರ್ಲಿ" ಅಂದ. ಅವನ ಗೆಳ್ಯಾರು ಮರಾಠಿ ಹುಡುಗೂರು, ಅವರು "ಕಾಸವ" ಅಂತಿದ್ರು. ನಮ್ಮ ಅತ್ತಿಯವರಿಗೆ ಕಿವಿ ಮಂದ. ಅವರು ಕೇಳಿಸ್ಕೊಂಡದ್ದು "ಕಾಸವ್ವ". ಅದ ಹೆಸರು ನಿಂತಬಿಡ್ತು. ಮುಂದ ಡಾಕ್ಟರು ನೋಡಿ, ಮುಂಗಾಲಿನ ಉಗುರು ಗಿಡ್ಡ ಅದಾವ, ಇದು ಹೆಣ್ಣ ಅಂದ್ರು. ಹೆಸರು ಬರೊಬ್ಬರಿ ಆತು.

ಇದು ನಮ್ಮ ಹೊಳಿ ಆಮಿ ಅಲ್ಲ. ಕಣ್ಣಿನ ಹಿಂದ ಎರಡೂ ಬಾಜೂ ಕುಂಕುಮದ ಗೆರಿ ಎಳದಂಗ ಕೆಂಪು ಪಟ್ಟಿ ಇರ್ತೈತಿ, ಅದಕ್ಕ ಇಂಗ್ಲೀಷಿನ್ಯಾಗ ರೆಡ್ ಇಯರ್ಡ್ ಸ್ಲೈಡರ್ ಅಂತಾರ. ಇದರ ಮೂಲ ಅಮೇರಿಕಾದ ಮಿಸ್ಸಿಸಿಪ್ಪಿ ಹೊಳಿ ಕಡೆ. ನಮ್ಮ ನಾಡಿನ ಆಮಿ, ನಕ್ಷತ್ರ ಆಮಿ ಇರ್ಲಿ, ಕೆರಿ-ಭಾಂವ್ಯಾಗ ಸಿಗೂ ಆಮಿ ಇರ್ಲಿ, ಮನ್ಯಾಗ ಸಾಕೂದು ಗುನ್ಹೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜೈಲು ಆಗ್ತೈತಿ. ಹೊಲದಾಗ ಯಾವುದರ ಆಮಿ ಸಿಕ್ಕರ ಮನಿಗೆ ತರಬ್ಯಾಡ್ರಿ, ಗಾಯ ಆಗಿದ್ರ ಅರಣ್ಯ ಇಲಾಖಿಯವರಿಗೆ ತಿಳಿಸ್ರಿ.

ಕಾಸವ್ವ ನಮ್ಮ ಮನಿಗೆ ಬಂದಾಗಲೇ ಜಡ್ಡಿಲೆ ಬಂದಿತ್ತು. ಎರಡೂ ಕಣ್ಣು ಬಾತು ಮುಚ್ಚಿದ್ದು. ಬೆನ್ನಿನ ಚಿಪ್ಪ ಒತ್ತಿದ್ರ ಹಸಿ ತೊಗಲಿನಂಗ ಒಳಗ ಹೋಗತಿತ್ತು, ಹಿಂದಿನ ಅಂಚು ಮ್ಯಾಲೆ ಮುರಟಿತ್ತು. ಹಿಂಗಾಲು ಎಳೀತಿತ್ತು. ಬಾಜೂ ಮನಿ ಕಾಕು ನೋಡಿ, "ಹೊಳಿ ಆಮಿಗೂ ಚಿಪ್ಪ ಮೆತ್ತಗ ಇರ್ತೈತಿ ಬಿಡ" ಅಂದ್ರು. ಕೃಷ್ಣಾ ಹೊಳ್ಯಾಗ ಹುಟ್ಟಾ ಮೆತ್ತನ ಚಿಪ್ಪಿನ ಆಮಿ ಅದಾವ, ಖರೆ. ಅವುಕ್ಕ ಅದು ದೇವರು ಕೊಟ್ಟದ್ದು. ಇದರ ಜಾತಿಗೆ ಚಿಪ್ಪ ಗಟ್ಟಿ ಇರಬೇಕು. ಮೆತ್ತಗ ಆತಂದ್ರ ಅದು ಜಡ್ಡು.

ನಮ್ಮೂರ ದನದ ದವಾಖಾನಿ ಡಾಕ್ಟರು ಭಾಳ ಛಲೋ ಮನಷ್ಯಾ. "ಅಕ್ಕಾರ, ನಾ ಎಮ್ಮಿ, ಆಕಳ, ಆಡು ನೋಡಿದಾಂವ. ಆಮಿ ನೋಡಿಲ್ಲ" ಅಂತ ನೆಟ್ಟಗ ಹೇಳಿ, ಬೆಂಗಳೂರಾಗ ಇಂಥಾ ಪ್ರಾಣಿ ನೋಡೂ ತಮ್ಮ ಗೆಳ್ಯಾಗ ಫೋಟೋ ಕಳಿಸಿ, ಫೋನಿನ್ಯಾಗ ಕೂಡಸಿ ಕೊಟ್ರು. ಅವರು ತಿಳಿಸಿ ಹೇಳಿದ್ದು ಹಿಂಗ ಐತಿ ನೋಡ್ರಿ.

ಆಮಿ ಚಿಪ್ಪ ಅಂದ್ರ ಮ್ಯಾಲೆ ಹೊತ್ತಗೊಂಡ ಮನಿ ಅಲ್ಲ. ಅದು ಎಲುಬು. ಬೆನ್ನೆಲುಬು, ಪಕ್ಕೆಲುಬು ಎಲ್ಲಾ ಚಿಪ್ಪಿಗೆ ಕೂಡೇ ಬೆಳದಿರ್ತಾವ. ಎಲುಬಿಗೆ ಸುಣ್ಣದ ಅಂಶ ಬೇಕು, ಅದು ಮೈಗೆ ಹತ್ತಬೇಕಂದ್ರ ಬಿಸಲು ಬೇಕು. ಇದು ಎರಡು ವರ್ಷ ಖೋಲ್ಯಾಗ, ಡಬ್ಬಿ ಒಳಗ, ಒಣಗಿದ ಸಣ್ಣ ಶಿಗಡಿ ತಿಂದು ಬೆಳದಿತ್ತು. ಅದರಾಗ ಸುಣ್ಣಾ ಸಾಲಂಗಿಲ್ಲ, ಬಿಸಲಂತೂ ಇಲ್ಲ. ಸಣ್ಣ ಕೂಸುಗೋಳಿಗೆ ಕಾಲು ಸೊಟ್ಟ ಆಗ್ತಾವಲ್ಲ, ಮರಾಠ್ಯಾಗ ಮುಡದೂಸ ಅಂತಾರ, ಅದ ಜಾತಿ ಜಡ್ಡು. ಕಣ್ಣು ಬಾಯೂದು ಎ ಜೀವಸತ್ವ ಕಡಿಮಿ ಆಗಿ. ಮುಂದ ಬೆಳಿಯೂ ಎಲುಬು ಗಟ್ಟಿ ಆಗಬಹುದು, ಆದ್ರ ಸೊಟ್ಟ ಆದದ್ದು ಸೊಟ್ಟ, ಹಿಂಗಾಲಿಗೆ ಪೂರಾ ಶಕ್ತಿ ಬರಂಗಿಲ್ಲ, ಕಣ್ಣಿನ ತ್ರಾಸ ನಡ್ವ ನಡ್ವ ತಿರಗಿ ಬರ್ತೈತಿ ಅಂತ ಅವರು ಮೊದಲ ಹೇಳಿಬಿಟ್ರು. "ಸೂಜಿ ಮಾಡಿಸಿದ್ರ ಲಗೂ ಆಗ್ತೈತೇನ್ರಿ?" ಅಂತ ಕೇಳಿದೆ. ಎ ಜೀವಸತ್ವದ ಸೂಜಿ ಹೆಚ್ಚಾದ್ರ ಆಮಿ ಚರ್ಮಾ ಸುಲದು ಹೋಗ್ತೈತಿ, ಊಟದಾಗ ಸುಧಾರಿಸೂದ ಛಲೋ ಅಂದ್ರು.

ಊಟ ಅಂದ ಕೂಡ್ಲೇ ನಮ್ಮ ಮನ್ಯಾಗ ಜಗಳಾ ಸುರು ಆತು. ನಮ್ಮದು ಲಿಂಗಾಯತರ ಮನಿ. ಅತ್ತಿಯವರು ದಿನಾ ಲಿಂಗಪೂಜಿ ಆಗದ ನೀರು ಸೈತ ಮುಟ್ಟಂಗಿಲ್ಲ. ಸಣ್ಣ ಆಮಿಗೆ ಹುಳಾ, ಮೀನು ಬೇಕು ಅಂದ್ರ ಅವರು ಎರಡು ದಿನಾ ನನ್ನ ಕೂಡ ಮಾತಾಡಲಿಲ್ಲ. ಆಮ್ಯಾಲೆ ಡಾಕ್ಟರನ್ನ ತಿರಗಿ ಕೇಳಿದೆ. ಈ ಜಾತಿ ಆಮಿ ಸಣ್ಣದಿದ್ದಾಗ ಮಾಂಸ ಹೆಚ್ಚು ತಿಂತೈತಿ, ದೊಡ್ಡದು ಆದಂಗ ತಪ್ಪಲಾ ಹೆಚ್ಚು ತಿಂತೈತಿ ಅಂದ್ರು. ಅಂಗಡ್ಯಾಗ ಸಿಗೂ ಆಮಿ ಕಾಳು ವಾರದಾಗ ಮೂರು ದಿನಾ, ಮಳಿಗಾಲದಾಗ ಹಿತ್ತಲದಾಗಿನ ಎರಿಹುಳಾ ಒಂದೊಂದು, ಉಳದದ್ದೆಲ್ಲಾ ತಪ್ಪಲಾ ಅಂತ ಠರಾವ ಆತು. ಅದರ ಬಟ್ಟಲಾ, ಚಮಚಾ ಎಲ್ಲಾ ಹಿತ್ತಲದಾಗ ಬ್ಯಾರೆ. ಮೂರನೇ ದಿನಾ ಅತ್ತಿಯವರು ತಾವ ಅಂದ್ರು, "ಅದರ ಊಟ ಅದಕ್ಕ. ಹುಲಿಗೆ ಹುಲ್ಲ ಹಾಕಾಕ ಬರ್ತೈತೇನ?"

ಈಗ ನಮ್ಮ ದಿನಚರಿ ಹೇಳ್ತೇನಿ, ಯಾರ ಮನ್ಯಾಗರ ಇಂಥಾ ಆಮಿ ಇದ್ರ ಉಪಯೋಗ ಆದೀತು.

ಮುಂಜಾನಿ ರಂಗೋಲಿ ಹಾಕಿದ ಮ್ಯಾಲೆ ಕಾಸವ್ವನ್ನ ದೊಡ್ಡ ಘಮೇಲಿ ಒಳಗ ಅಂಗಳಕ್ಕ ತರ್ತೇನಿ. ನಡ್ವ ಒಂದು ಶಾಬಾದಿ ಫರಸಿ ತುಂಡು ಇಟ್ಟೇನಿ, ಮ್ಯಾಲೆ ಹತ್ತಿ ಪೂರಾ ಒಣಗಬೇಕು. ಅರ್ಧಾ ಬಿಸಲು, ಅರ್ಧಾ ನೆಳ್ಳು ಇರಬೇಕು, ಇಲ್ಲಂದ್ರ ಕಾದು ಸಾಯ್ತೈತಿ. ಕಿಡಿಕಿ ಕಾಜಿನ ಒಳಗಿಂದ ಬರೂ ಬಿಸಲು ಉಪಯೋಗ ಇಲ್ಲ, ಬೇಕಾದ ಕಿರಣ ಕಾಜಿನ್ಯಾಗ ನಿಂತಬಿಡ್ತಾವ. ಕಾಗಿ, ಬೆಕ್ಕು ಬರಬಾರದಂತ ಮ್ಯಾಲೆ ಜಾಳಗಿ ಮುಚ್ಚತೇನಿ. ಆಷಾಢ-ಶ್ರಾವಣದಾಗ ವಾರಗಟ್ಟಲೆ ಸೂರ್ಯಾ ಕಾಣಂಗಿಲ್ಲ. ಆವಾಗ ಪುಣೆದಿಂದ ಮಗಾ ಕಳಿಸಿದ ಬ್ಯಾರೆ ನಮೂನಿ ಬಲ್ಬ ಹಚ್ಚತೇವಿ. ಅದು ಉರಿಯೂತನಕ ಇಡೂದಲ್ಲ. ಬೆಳಕು ಕಂಡ್ರೂ ಕಿರಣದ ಕಸುವು ಹೋಗಿರ್ತೈತಿ, ಅದಕ್ಕ ವರ್ಷಕ್ಕೊಮ್ಮೆ ಬದಲಿ ಮಾಡಬೇಕು.

ಊಟಕ್ಕ ನುಗ್ಗಿ ತಪ್ಪಲಾ, ಕಿಸದ ಗಜ್ಜರಿ, ಕುಂಬಳಕಾಯಿ, ದಾಸವಾಳದ ಹೂವು. ಪಾಲಕ ಸುಣ್ಣಾ ಹಿಡದಿಡ್ತೈತಿ, ಅದಕ್ಕ ಹಾಕಂಗಿಲ್ಲ. ರೊಟ್ಟಿ, ಅನ್ನಾ, ಹಾಲು ಬ್ಯಾಡ. ಊಟಾ ನೀರಾಗ ಹಾಕಬೇಕು. ಈ ಆಮಿಗೆ ನೀರಿಲ್ಲದ ನುಂಗಾಕ ಬರಂಗಿಲ್ಲ. ಸುಣ್ಣದ ಅಂಶಕ್ಕ ಗಾಂಧೀ ಅಂಗಡ್ಯಾಗ ಸಮುದ್ರ ನೊರಿ ಸಿಗತೈತಲ್ಲ, ಮರಾಠಿಯವರು ಸಮುದ್ರಫೇಸ ಅಂತಾರ, ಅದರ ಒಂದು ತುಂಡು ನೀರಾಗ ಬಿಡ್ತೇನಿ. ಬೇಕಾದಾಗ ಕಡಕೋತೈತಿ. ನಮ್ಮ ಅಜ್ಜಿ ಕಿವಿ ಸೋರಿದ್ರ ಹಾಕತಿದ್ದ ಔಷಧ ಆಮಿಗೂ ಬಂತು ನೋಡ್ರಿ!

ನೀರು ಭಾಳ ಆಳ ಇಟ್ಟರ ಹಿಂಗಾಲಿನ ಶಕ್ತಿ ಸಾಲದ ಮುಣಗತೈತಿ, ಭಾಳ ಕಡಿಮಿ ಇಟ್ಟರ ಅಂಗಾತ ಬಿದ್ದಾಗ ತಿರಗಾಕ ಬರಂಗಿಲ್ಲ. ಚಿಪ್ಪಿನ ಅಗಲಕ್ಕಿಂತ ಒಂದೀಟು ಹೆಚ್ಚು ಇದ್ರ ಬರೊಬ್ಬರಿ. ಥಂಡಿ ದಿನದಾಗ ನೀರಿಗೆ ಸಣ್ಣ ಹೀಟರ ಹಾಕಿ 25 ಡಿಗ್ರಿ ಮ್ಯಾಲೆ ಇಡ್ತೇವಿ, ಯಾಕಂದ್ರ ಥಂಡಿ ಆದ್ರ ಊಟಾ ಬಿಡ್ತೈತಿ. ಹೊಲಸು ನೀರು ದಾಸವಾಳದ ಬುಡಕ್ಕ ಹಾಕತೇನಿ, ಕೊತ್ತಂಬರಿ ಮಡಿಗೆ ಹಾಕಂಗಿಲ್ಲ, ಅಡಗಿಮನಿ ಮೋರ್ಯಾಗ ಸುರವಂಗಿಲ್ಲ. ಆಮಿ ಆರಾಮ ಕಂಡ್ರೂ ಮೈಮ್ಯಾಲೆ ಸಾಲ್ಮೊನೆಲ್ಲಾ ಅನ್ನೂ ಜಂತು ಇರ್ತೈತಿ, ಅದು ಮಕ್ಕಳಿಗೆ ಜ್ವರಾ, ಹೊಟ್ಟಿ ಜಾಡಿಸೂದು ತರ್ತೈತಿ. ಸಣ್ಣ ಮಕ್ಕಳು ಆಮಿ ಬಾಯಾಗ ಇಟ್ಕೊಂಡು ಜಡ್ಡ ಬಿದ್ರು ಅಂತ ಅಮೇರಿಕಾದಾಗ 1975ರಾಗ ನಾಕು ಇಂಚಿಗಿಂತ ಸಣ್ಣ ಆಮಿ ಮಾರೂದ ಬಂದ ಮಾಡಿದ್ರು. ಮುಟ್ಟಿದ ಮ್ಯಾಲೆ ಸಾಬಾಣ ಹಚ್ಚಿ ಕೈ ತೊಳಕೊಳ್ಳೂದು ನಮ್ಮ ಮನ್ಯಾಗ ಎಲ್ಲಾರಿಗೂ ಖಡಕ್ ಕಾಯ್ದೆ.

ಇಷ್ಟೆಲ್ಲಾ ಮಾಡಿದ್ರೂ 2021ರ ಜುಲೈದಾಗ ಒಮ್ಮೆ ಕೈ ಬಿಟ್ಟು ಹೋತು ಅನಸಿತ್ತು. ಮತ್ತ ಮಹಾಪೂರ. ಕರೆಂಟ ಇಲ್ಲ, ಬಿಸಲಿಲ್ಲ, ರಸ್ತೆ ಬಂದ. ಕಾಸವ್ವನ ಕಣ್ಣು ಬಾತು ಮುಚ್ಚಿದ್ದು, ಇಪ್ಪತ್ತು ದಿನಾ ಒಂದು ಎಸಳು ತಪ್ಪಲಾ ಮುಟ್ಟಲಿಲ್ಲ. ಮಗಾ ಫೋನಿನ್ಯಾಗ "ಸಾಕ ಬಿಡ ದೊಡ್ಡವ್ವ, ಎಷ್ಟಂತ ಮಾಡ್ತಿ" ಅಂದ. ನಮ್ಮ ಮನಿಯವರೂ ಸುಮ್ಮ ತಲಿ ಅಲ್ಲಾಡಿಸಿದ್ರು. ಅತ್ತಿಯವರಿಗೆ ಸಕ್ರಿ ಜಡ್ಡು, ಹದಿನಾಕು ವರ್ಷ ಆತು. ಅವರು ಹಾಸಿಗಿ ಮ್ಯಾಲಿಂದ ಅಂದ್ರು: "ನನ್ನ ಸಕ್ರಿ ಎಲ್ಲಿ ಗುಣಾ ಆಗೈತಿ? ದಿನಾ ಗುಳಿಗಿ ನುಂಗತೇನಿ, ದಿನಾ ನಡದೈತಿ. ನನಗ ಸಾಕ ಬಿಡ ಅಂದ್ರೇನು ಯಾರರ?"

ಅದಕ್ಕ ಯಾರೂ ಮಾತಾಡಲಿಲ್ಲ. ಡಾಕ್ಟರು ಫೋನಿನ್ಯಾಗ ಹೇಳಿದಂಗ ಮುಂಜಾನಿ-ಸಂಜಿ ಉಗರಬೆಚ್ಚಗಿನ ನೀರಾಗ ಇಡೂದು, ಸಲೈನ್ ನೀರಿಲೆ ಕಣ್ಣ ಒರಸೂದು, ಅವರು ಹೇಳಿದ ಹನಿ ಬಿಡೂದು. ಬಾಯಿ ತಗದು ಒತ್ತಿ ತಿನ್ನಸಬ್ಯಾಡ್ರಿ ಅಂದಿದ್ರು, ತಿನ್ನಸಲಿಲ್ಲ. ಇಪ್ಪತ್ಮೂರನೇ ದಿನಾ ಎಡಗಣ್ಣು ತಗೀತು. ಮರುದಿನಾ ಗಜ್ಜರಿ ಕಡೆ ಕುತಗಿ ಚಾಚ್ತು. ಅತ್ತಿಯವರಿಗೆ ಹೇಳಿದ್ರ, "ಗುಳಿಗಿ ಹತ್ತಿರಬೇಕು" ಅಂತ ನಕ್ಕರು.

ಇನ್ನ ಆ ಹೊಳಿ ಮಾತು. ಬಾಜೂ ಮನಿ ಕಾಕು ವರ್ಷಕ್ಕ ನಾಕು ಸಲಾ ಹೇಳ್ತಾರ: "ಯಡೂರ ವೀರಭದ್ರನ ಗುಡಿಗೆ ಹೋಗೂ ಮುಂದ ಒಯ್ದು ಕೃಷ್ಣಾಗ ಬಿಟ್ಟ ಬಾ. ಅದಕ್ಕೂ ಸುಖಾ, ನಿನಗೂ ಪುಣ್ಯಾ." ಅವರದು ಕೆಟ್ಟ ಮನಸಲ್ಲ. ನಮ್ಮಲ್ಲಿ ಗುಡಿ ಮುಂದ ಕಲ್ಲಿನ ಆಮಿಗೆ ಕೈ ಮುಗದು ಒಳಗ ಹೋಗೂ ಮಂದಿ ನಾವು. ಆದ್ರ ಮೆತ್ತನ ಚಿಪ್ಪ, ಎಳಿಯೂ ಕಾಲು, ಬಾಯೂ ಕಣ್ಣು ತಗೊಂಡು ಅದು ಹೊಳ್ಯಾಗ ನಾಕು ದಿನಾ ಬದುಕೂದಿಲ್ಲ. ಗಟ್ಟಿ ಇದ್ದದ್ದು ಬಿಟ್ಟರಂತೂ ಇನ್ನೂ ಕೇಡು. ಈ ಜಾತಿ ಹೋದಲ್ಲೆಲ್ಲಾ ಅಲ್ಲಿನ ಆಮಿಗೋಳ ಊಟಾ, ಬಿಸಲಿಗೆ ಕುಂದರೂ ಜಾಗಾ ಕಸಗೋತೈತಿ, ಜಡ್ಡೂ ಹಚ್ಚತೈತಿ. ಜಗತ್ತಿನ ನೂರು ಕೆಟ್ಟ ಪರದೇಶಿ ಜೀವಿಗೋಳ ಯಾದ್ಯಾಗ ಇದರ ಹೆಸರು ಐತಿ. ಯುರೋಪಿನವರು 1997ರಾಗ ಇದನ್ನ ತರಸೂದ ಬಂದ ಮಾಡಿದ್ರು. ನಮ್ಮ ಕೃಷ್ಣಾ ಹೊಳಿ ಆಮಿಗೆ ಉಸುಕು ತಗಿಯೂದು, ಬಲಿ ಹಾಕೂದು ಅಂತ ಇದ್ದ ತ್ರಾಸ ಸಾಕಷ್ಟು ಅದಾವ. ನಮ್ಮ ಮನಿ ಬ್ಯಾಸರಾ ಅವುಗಳ ಮ್ಯಾಲೆ ಹೊರಸೂದು ಪುಣ್ಯಾ ಅಲ್ರಿ. ನಿಮ್ಮ ಮಕ್ಕಳು, ಮೊಮ್ಮಕ್ಕಳು ವಾಸ್ತು ಅಂತನೋ, ಛಂದ ಐತಿ ಅಂತನೋ ಇಂಥಾದ್ದು ತರ್ತೇನಿ ಅಂದ್ರ ಇದನ್ನ ಓದಿಸ್ರಿ.

ಈ ಆಮಿ ಛಲೋ ನೋಡಿಕೊಂಡ್ರ ಮೂವತ್ತು ವರ್ಷ ಇರ್ತೈತಿ. ನನಗೀಗ ಐವತ್ನಾಕು. ಲೆಕ್ಕಾ ನೀವ ಹಾಕ್ರಿ. ಹಾಲಿನ ಲೆಕ್ಕದ ವಹಿ ಹಿಂದಿನ ಹಾಳ್ಯಾಗ ನಾ ಕಾಸವ್ವನ ತೂಕಾ ಬರದಿಡ್ತೇನಿ, ತಿಂಗಳ ಒಂದನೇ ತಾರೀಖಿಗೆ. ಚಿಪ್ಪಿನ ಹೊಸಾ ಭಾಗ ಈಗ ಉಗುರಿಲೆ ಬಡದ್ರ ಟಕ್ ಅಂತೈತಿ, ಹಳೇದು ಸೊಟ್ಟ ಇದ್ದಂಗ ಐತಿ. ಈ ವರ್ಷದಿಂದ ತೂಕಾ ಬರಿಯೂ ಕೆಲಸ ನೆಗೆಣ್ಣಿ ಮಗಳು ತಗೊಂಡಾಳ. ಪಿಯುಸಿ ಓದ್ತಾಳ, ಅಕ್ಷರಾ ನನಗಿಂತ ಛಂದ. ಹೋದ ತಿಂಗಳ ತೂಕದ ಬಾಜೂಕ ತಾನ ಬರದಾಳ: "ಬಲ್ಬ ಬದಲಿ ಮಾಡೂದು ದೀಪಾವಳಿಗೆ. ನೆನಪ ಇಡೂದು ನನ್ನ ಜವಾಬ್ದಾರಿ."