ಬಾಗಿಲು ತೆಗೆಯೋದಾ, ಹಾಕೋದಾ?

ಮಂಗಳವಾರ ಮಧ್ಯಾಹ್ನ. ಬೆಂಗಳೂರಿನ ಒಂದು ಕಚೇರಿಯ ನಾಲ್ಕನೇ ಮಹಡಿ. ಮೇಜಿನ ಸುತ್ತ ಹನ್ನೊಂದು ಮಂದಿ, ನಡುವೆ ಕಟ್ಟಡದ ನಕ್ಷೆ. ಅಪಾಯ ಎದುರಾದರೆ ಏನು ಮಾಡಬೇಕೆಂಬ ಟೇಬಲ್‌ಟಾಪ್ ಅಭ್ಯಾಸವಂತೆ. ಯಾರೂ ಓಡುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ನಡೆಸುವವರು ಒಂದೊಂದೇ ಚೀಟಿ ಓದುತ್ತಾರೆ. ಆಗ ತಾನೇನು ಮಾಡುತ್ತೇನೆಂದು ಒಬ್ಬೊಬ್ಬರೂ ಹೇಳಬೇಕು. ಮೂಲೆಯಲ್ಲಿ ಕೂತು ಬರೆದುಕೊಳ್ಳುವುದು ನನ್ನ ಕೆಲಸ.

ಮೊದಲ ಚೀಟಿ: ಎರಡನೇ ಮಹಡಿಯ ಎಲೆಕ್ಟ್ರಿಕಲ್ ಡಕ್ಟ್‌ನಿಂದ ಹೊಗೆ. ಎಲ್ಲರ ಬಾಯಲ್ಲೂ ಒಂದೇ ಮಾತು, ‘ತಿಳಿಸ್ತೀವಿ’. ಅಡ್ಮಿನ್‌ಗೆ ತಿಳಿಸ್ತೀವಿ, ಮ್ಯಾನೇಜರ್‌ಗೆ ತಿಳಿಸ್ತೀವಿ, 112ಕ್ಕೆ ತಿಳಿಸ್ತೀವಿ. ಸುದ್ದಿ ಮುಟ್ಟಿಸಿಕೊಂಡವರು ಮುಂದೇನು ಮಾಡಬೇಕು? ಟೆರೇಸ್ ಬಾಗಿಲಿನ ಕೀಲಿ ಯಾರ ಹತ್ತಿರ ಎಂದು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿದರು.

ಇದೇ ಊರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಕಾರ್ಲ್‌ಟನ್ ಟವರ್ಸ್ ಇದೆ. 2010ರ ಫೆಬ್ರವರಿ 23ರಂದು ಅಲ್ಲಿ ಒಂಬತ್ತು ಜೀವ ಹೋದವು. ಕಟ್ಟಡದ ತುಂಬ ಹೊಗೆ, ಹೊರದಾರಿಯ ಬಾಗಿಲಿಗೆ ಬೀಗ. ಇಷ್ಟಾದ ಮೇಲೂ ನಮ್ಮ ಕಚೇರಿಗಳಲ್ಲಿ ಕೀಲಿಯ ಪ್ರಶ್ನೆ ಹೊಸದಾಗಿ ಕೇಳಿಸುವುದು ಹೇಗೆ? ನನಗೆ ಅರ್ಥವಾಗುತ್ತಿಲ್ಲ.

ಎರಡನೇ ಚೀಟಿ: ಹೋದ ವಾರ ಕೆಲಸದಿಂದ ತೆಗೆದವನು ಚಾಕು ಹಿಡಿದು ರಿಸೆಪ್ಷನ್‌ಗೆ ಬಂದಿದ್ದಾನೆ. ‘ಬಾಗಿಲು ಹಾಕ್ತೀವಿ’ ಎಂದರು ಎಲ್ಲರೂ. ಅರ್ಧ ಗಂಟೆಯ ಹಿಂದೆ ಕೀಲಿಯ ಮಾತು ಬಂದಾಗ ಬಾಗಿಲು ಸದಾ ತೆರೆದಿರಬೇಕು ಎಂದವರೇ ಇವರು. ಎರಡೂ ಸರಿ. ಗೋಜಲು ಇರುವುದೇ ಅಲ್ಲಿ. ಅವನ ಆಕ್ಸೆಸ್ ಕಾರ್ಡ್ ರದ್ದಾಗಿದೆಯೇ? ಎಚ್‌ಆರ್‌ನವರು ಐಟಿಯವರತ್ತ ನೋಡಿದರು. ‘ನಮಗೆ ಮೇಲ್ ಬರಬೇಕಲ್ಲ’ ಎಂದರು ಐಟಿಯವರು.

ನಡೆಸುವವರು ಆಗ ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೆಯ ಸಂಗತಿ ತೆಗೆದರು. 2018ರ ಫೆಬ್ರವರಿ 14. ಗುಂಡಿನ ದಾಳಿ ನಡೆಯುವಾಗಲೇ ಫೈರ್ ಅಲಾರಂ ಹೊಡೆದುಕೊಂಡಿತು. ಬೆಂಕಿಯೆಂದು ತಿಳಿದು ಮಕ್ಕಳೂ ಶಿಕ್ಷಕರೂ ತರಗತಿ ಬಿಟ್ಟು ಕಾರಿಡಾರಿಗೆ ಬಂದರು. ಆ ದಿನ ಸತ್ತವರು ಹದಿನೇಳು ಮಂದಿ. ಬರೀ ಗಂಟೆ ಸಾಲದು. ‘ಬೆಂಕಿಯಲ್ಲ, ಹೊರಗೆ ಬರಬೇಡಿ’ ಎಂದು ಮೈಕಿನಲ್ಲಿ ಬಿಡಿಸಿ ಹೇಳುವ ಒಂದು ದನಿ ಬೇಕು. ಆ ಮೈಕು ಹಿಡಿಯುವವರು ಯಾರು? ಹೆಸರು ಬರೆಯಲು ಹಾಳೆಯಲ್ಲಿ ಜಾಗ ಬಿಟ್ಟಿದ್ದೇನೆ, ಇನ್ನೂ ಖಾಲಿಯಿದೆ.

‘ಗೊತ್ತಿಲ್ಲ’ ಎಂಬ ಮಾತು ಎರಡು ಗಂಟೆಯಲ್ಲಿ ಒಂದೇ ಸಲ ಬಂತು, ಒಬ್ಬ ಹೊಸ ಹುಡುಗಿಯಿಂದ. ಅವತ್ತಿನ ಅತ್ಯಂತ ಉಪಯುಕ್ತ ಉತ್ತರ ಅದೇ. ಉಳಿದವರು ಪರೀಕ್ಷೆ ಬರೆಯುವವರಂತೆ ಕೂತಿದ್ದರು. ಗೊತ್ತಿಲ್ಲದ್ದು ಹೊರಬರಲಿ ಎಂದೇ ಅಲ್ಲವೇ ಇದನ್ನು ನಡೆಸುವುದು?

ಟೀ ವಿರಾಮ. ಬಾಗಿಲ ಹೊರಗೆ ನಿಂತಿದ್ದ ಸೆಕ್ಯುರಿಟಿಯವರನ್ನು ಕೇಳಿದೆ, ಟೆರೇಸ್ ಕೀಲಿ ಎಲ್ಲಿದೆ ಅಂತ.

‘ನನ್ ಹತ್ರಾನೇ ಇದೆ ಸಾರ್. ರಾತ್ರಿ ಎಂಟಕ್ಕೆ ಹೋಗೋವಾಗ ಕೆಳಗಡೆ ಡ್ರಾಯರಲ್ಲಿ ಹಾಕ್ತೀನಿ. ಡ್ರಾಯರಿಗೂ ಬೀಗ ಇದೆ. ಅದರ ಕೀಲಿ ಸೂಪರ್‌ವೈಸರು ಮನೆಗೆ ತಗೊಂಡ್ ಹೋಗ್ತಾರೆ.’

ಒಳಗಿದ್ದ ಹನ್ನೊಂದು ಮಂದಿಗೂ ಇದು ತಿಳಿಯದು. ಇಂಥ ಅಭ್ಯಾಸ ನಡೆಸುವವರೇ, ದಯವಿಟ್ಟು ಹನ್ನೆರಡನೇ ಕುರ್ಚಿಯೊಂದನ್ನು ಹಾಕಿ. ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯಿರಿ.